320 ಟನ್ ಗಾಡಿ, ಒಂದೂಮುಕ್ಕಾಲು ಟನ್ ಲೋಡು

ಮಡಿಕೇರಿಯಲ್ಲಿ ಮಳೆ ಹಿಡಿದರೆ ಕರೆಂಟಿಗೆ ಬರ, ಹರಟೆಗೆ ಬರವಿಲ್ಲ. ಹೋಟೆಲಿನ ಮೂಲೆ ಮೇಜಿನಲ್ಲಿ ಮೇಷ್ಟ್ರು ಪಿಎಸ್‌ಎಲ್‌ವಿ ರಾಕೆಟ್ಟಿನ ಗುಣಗಾನ ಶುರು ಮಾಡಿದ್ದರು. ನಿವೃತ್ತ ಸುಬೇದಾರರು ನಡುವೆ ಬಾಯಿ ಹಾಕಿದರು.

"ಅದೆಲ್ಲ ಇರಲಿ ಮೇಷ್ಟ್ರೇ, ಎಷ್ಟು ಹೊರುತ್ತದೆ ಹೇಳಿ."

"ಎಕ್ಸ್‌ಎಲ್ ಮಾದರಿಯಾದರೆ 600 ಕಿಲೋಮೀಟರ್ ಎತ್ತರದಲ್ಲಿ ಧ್ರುವಗಳ ಮೇಲೆ ಹಾಯುವ ಧ್ರುವೀಯ ಕಕ್ಷೆಗೆ ಸುಮಾರು 1,750 ಕಿಲೋ. ರಾಕೆಟ್ಟಿನ ತೂಕವೇ 320 ಟನ್."

ಪಿಕಪ್ ಓಡಿಸುವ ಗೆಳೆಯನ ಕೈಯಲ್ಲಿದ್ದ ಬನ್ನು ಕಾಫಿಯೊಳಗೇ ಉಳಿಯಿತು. "320 ಟನ್ ಗಾಡಿಗೆ ಒಂದೂಮುಕ್ಕಾಲು ಟನ್ ಲೋಡೇ? ಕಾಫಿ ಕೊಯ್ಲಿನಲ್ಲಿ ನನ್ನ ಪಿಕಪ್ಪಿಗೇ ಅಷ್ಟು ಹೇರುತ್ತಾರೆ!"

"ಉಳಿದದ್ದರಲ್ಲಿ ಬಹುಪಾಲು ಇಂಧನವಪ್ಪಾ. ಮೊದಲ ಹಂತದ ಹೊಟ್ಟೆಯೊಳಗೇ 138 ಟನ್. ಅದೂ ಅಲ್ಲದೆ, ಇದಕ್ಕಿಂತ ಬಹಳ ಎತ್ತರಕ್ಕೆ ಏರುವ ಭೂಸ್ಥಿರ ವರ್ಗಾವಣೆ ಕಕ್ಷೆಗಿಂತ ತುಸು ಕೆಳಗಿನ ದಾರಿಗೆ ಒಯ್ಯಬೇಕಾದರೆ 1,425 ಕಿಲೋ ಮಾತ್ರ."

"ಅದು ನ್ಯಾಯ. ಕುಶಾಲನಗರಕ್ಕೆ ಇಳಿಸುವ ಲೋಡನ್ನು ಹೇರಿಕೊಂಡು ತಲಕಾವೇರಿ ಹತ್ತಲು ಆಗುತ್ತದೆಯೇ?"

ಮೇಷ್ಟ್ರ ಮುಖ ಸಪ್ಪಗಾಯಿತು. ಹಲಗೆ ತುಂಬ ಬರೆದು ಅವರು ಹೇಳಬೇಕೆಂದಿದ್ದ ಪಾಠವನ್ನು ಇವನು ಒಂದೇ ಉಸಿರಿಗೆ ಮುಗಿಸಿದ್ದ. ಸೋಲೊಪ್ಪದೆ ಸಕ್ಕರೆ ಡಬ್ಬಿಯನ್ನು ನಡುವೆ ಇಟ್ಟು, ಸುಬೇದಾರರ ಕಟ್ಟಿನಿಂದ ಆರು ಬೀಡಿ ಎಳೆದು ಸುತ್ತ ಆನಿಸಿದರು.

"ಇದು ಎಕ್ಸ್‌ಎಲ್. ಪಕ್ಕದ ಆರು ಬೂಸ್ಟರುಗಳಲ್ಲಿ ಒಂದೊಂದಕ್ಕೂ ಸುಮಾರು 12 ಟನ್ ಇಂಧನ."

"ಆರನ್ನೂ ಒಟ್ಟಿಗೆ ಹಚ್ಚುತ್ತಾರೆಯೇ?"

"ಇಲ್ಲ. ನಾಲ್ಕು ನೆಲದಲ್ಲಿ, ಎರಡು ಸುಮಾರು 25 ಸೆಕೆಂಡಿನ ನಂತರ ಆಕಾಶದಲ್ಲಿ."

"ಮಿತವ್ಯಯಿಗಳು," ಎಂದು ಸುಬೇದಾರರು ತಲೆದೂಗಿದರು.

"ಲೋಡು ಕಡಿಮೆಯಿದ್ದರೆ ನಾಲ್ಕು ಬೂಸ್ಟರಿನ ಕ್ಯೂಎಲ್, ಎರಡರ ಡಿಎಲ್, ಒಂದೂ ಇಲ್ಲದ ಕೋರ್ ಅಲೋನ್." ಮೇಷ್ಟ್ರು ತೆಗೆದಿಟ್ಟ ಬೀಡಿಗಳೆಲ್ಲ ಒಂದೊಂದಾಗಿ ಸುಬೇದಾರರ ಜೇಬು ಸೇರಿದವು. ಮೇಜಿನ ಮೇಲೆ ಉಳಿದದ್ದು ಬರಿಯ ಸಕ್ಕರೆ ಡಬ್ಬಿ. "ಹೀಗೆ ಬೋಳಾಗಿಯೇ 2007ರ ಏಪ್ರಿಲ್‌ನಲ್ಲಿ ಇಟಲಿಯ ಅಜೈಲ್ ಉಪಗ್ರಹವನ್ನು ಒಯ್ದದ್ದು. ಪಿಎಸ್‌ಎಲ್‌ವಿಯ ಮೊದಲ ಪೂರ್ಣ ವಾಣಿಜ್ಯ ಉಡಾವಣೆ. ಉಪಗ್ರಹದ ತೂಕ 352 ಕಿಲೋ."

"352 ಕಿಲೋಗೆ ಇಡೀ ಗಾಡಿ ಬಾಡಿಗೆಯೇ? ಅಂಥ ಗಿರಾಕಿ ನನಗೆ ಒಬ್ಬನೂ ಸಿಕ್ಕಿಲ್ಲ."

"2017ರಲ್ಲಿ ಎಕ್ಸ್‌ಎಲ್‌ನಲ್ಲಿ 104 ಉಪಗ್ರಹ ಒಟ್ಟಿಗೆ ಹೋದವು. ಎಲ್ಲ ಸೇರಿ 1,378 ಕಿಲೋ."

"ಹಾಗೆ ಬನ್ನಿ ದಾರಿಗೆ!"

ನನಗೆ ಇಷ್ಟವಾದದ್ದು ಮುಂದಿನ ಮಾತು. ಶ್ರೀಹರಿಕೋಟಾದಿಂದ ಧ್ರುವೀಯ ಕಕ್ಷೆಗೆ ಹೊರಟ ರಾಕೆಟ್ಟು ನೇರ ದಕ್ಷಿಣಕ್ಕೆ ಹೋಗುವಂತಿಲ್ಲ. ಶ್ರೀಲಂಕಾದ ಮೇಲೆ ಹಾಯದಂತೆ ಬಳಸಿಕೊಂಡು ತಿರುಗಬೇಕು.

"ಸುತ್ತಿನ ಡೀಸೆಲ್ ಯಾರ ಲೆಕ್ಕಕ್ಕೆ?" ಎಂದ ಪಿಕಪ್ಪಿನವನು, ಥಟ್ಟನೆ.

"ಲೋಡಿನ ಲೆಕ್ಕಕ್ಕೆ. ಹೊರುವ ತೂಕವೇ ತಗ್ಗುತ್ತದೆ. ಚಿಕ್ಕ ರಾಕೆಟ್ಟಿಗಂತೂ ಈ ಸುತ್ತು ಬಲು ದುಬಾರಿ. ಅದಕ್ಕೇ ಎಸ್‌ಎಸ್‌ಎಲ್‌ವಿ ಎಂಬ ಚಿಕ್ಕ ರಾಕೆಟ್ಟಿಗಾಗಿ ತಮಿಳುನಾಡಿನ ಕುಲಶೇಖರಪಟ್ಟಿಣದಲ್ಲಿ ಹೊಸ ಉಡಾವಣಾ ಕೇಂದ್ರ. 2024ರಲ್ಲಿ ಶಂಕುಸ್ಥಾಪನೆಯಾಯಿತು. ಅಲ್ಲಿಂದ ನೇರ ದಕ್ಷಿಣಕ್ಕೆ ಹಾರಬಹುದು."

"ಆಕಾಶಕ್ಕೂ ಬೈಪಾಸ್ ಆಗುತ್ತಿದೆ, ನಮ್ಮ ತೋಟದ ದಾರಿಗೆ ಇನ್ನೂ ಜಲ್ಲಿ ಬಿದ್ದಿಲ್ಲ," ಎಂದು ಅವನು ಬಿಲ್ಲನ್ನು ಮೇಷ್ಟ್ರ ಕಡೆಗೆ ಸರಿಸಿದ.