ಅಪ್‌ಡೇಟ್: ಮಗ್ಗ ಮಾರಲಿಲ್ಲ, ಭಾರ ದೇವರು ಕೂಡಲಸಂಗಯ್ಯನ ಮೇಲೆ ಹಾಕೀವಿ

ಇಳಕಲ್‌ನಿಂದ ಬರೆದಿದ್ದೆ, ಕೆಲವರಿಗೆ ನೆನಪಿರಬಹುದು. ಕೈಮಗ್ಗಕ್ಕೆ ಕೆಲಸ ಬರೋದು ನಿಂತು ನಮ್ಮ ಮನೆಯವರು ಮಾತೇ ಬಿಟ್ಟಿದ್ದರು. ಮಗ್ಗ ಮಾರಿಬಿಡೋಣ ಏನು, ದೇವರು ನಮ್ಮ ಕಡೆ ನೋಡ್ತಾನೋ ಇಲ್ಲೋ ಅಂತ ಕೇಳಿದ್ದೆ. "ಎದೆಗುಂದಿದಾಗ ದೊಡ್ಡ ನಿರ್ಧಾರ ಬೇಡ, ತಾಳ್ರಿ" ಅಂದ ಅಕ್ಕ-ಅಣ್ಣಂದಿರಿಗೆಲ್ಲ ಶರಣು ಶರಣಾರ್ಥಿ.

ಆಮೇಲೆ ಕೂಡಲಸಂಗಮಕ್ಕೆ ಹೋಗಿಬಂದ್ವಿ. ಕೃಷ್ಣಾ-ಮಲಪ್ರಭಾ ಕೂಡುವ ಜಾಗ. ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಬಸವಣ್ಣನವರ ಐಕ್ಯಸ್ಥಳ ಮುಳುಗಬಾರದು ಅಂತ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲು ಇಳಿದು ಲಿಂಗದ ಮುಂದೆ ಕೂತಾಗ ಮನೆಯವರು ಬಿಕ್ಕಿ ಬಿಕ್ಕಿ ಅತ್ತರು. ಯಾವ ದನಿಯೂ ಕೇಳಲಿಲ್ಲ, ಪವಾಡವೂ ಆಗಲಿಲ್ಲ. ಆದರೆ ಬಸ್ಸಿನಲ್ಲಿ ಬರುವಾಗ ತಾವಾಗಿಯೇ, "ಮನ್ಯಾಗ ನೂಲು ಐತಲ್ಲ, ಒಂದು ಸೀರಿ ಹಾಕ್ತೀನಿ" ಅಂದರು. ನನ್ನ ಪಾಲಿಗೆ ಅದೇ ದೇವರು ತೋರಿಸಿದ ದಾರಿ.

ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಕುವ ನೂಲು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು, ಅವಸರ ನಡೆಯೋದಿಲ್ಲ. ನಾನೂ ಪಕ್ಕದಲ್ಲೇ ಕೂತು ಎಳೆ ಕೊಟ್ಟೆ. ಬೆರಳು ಮೊದಲು ನಡುಗುತ್ತಿದ್ದವು, ಬರಬರುತ್ತಾ ನಿಂತವು.

ಆ ಸೀರೆ ಪರಿಚಯದವರ ಮದುವೆಗೆ ಹೋಯ್ತು. ಅದನ್ನು ನೋಡಿದವರೊಬ್ಬರು ಇನ್ನೊಂದು ಕೇಳಿದ್ದಾರೆ. ಸಾಲ ಹಾಗೇ ಇದೆ, ಮಗಳ ಫೀಸೂ ಬಾಕಿ. ಆದರೂ ಮುಂಜಾನೆ ಇಷ್ಟಲಿಂಗ ಪೂಜೆ ಮುಗಿಸಿ ಅವರು ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿಯುತ್ತಾರೆ. ನಮಗಾಗಿ ಇನ್ನೂ ಬೇಡಿಕೊಳ್ತಾ ಇರ್ರಿ.