2006ರ ಎರಡು ಐಷಾರಾಮಿ ಸೆಡಾನ್‌ಗಳು: ಕಡಿಮೆ ಓಡಿದ್ದೋ, ಬಿಲ್ಲುಗಳಿರುವುದೋ?

ಪ್ರಶ್ನೆ: ಎರಡು ಹಳೆಯ ಕಾರುಗಳ ನಡುವೆ ತೀರ್ಮಾನಕ್ಕೆ ಬರಲಾಗದೆ ಎರಡು ವಾರಗಳಾದವು. ಒಂದು ಬಿಎಂಡಬ್ಲ್ಯು 530ಐ, ಓಡಿರುವುದು 82,000 ಕಿ.ಮೀ.; ಇನ್ನೊಂದು ಮರ್ಸಿಡಿಸ್ ಬೆಂಜ್ ಇ 280, ಓಡಿರುವುದು 1,58,000 ಕಿ.ಮೀ. ಎರಡೂ 2006ರವು, ಎರಡೂ ಪೆಟ್ರೋಲ್, ಎರಡೂ ಆಟೋಮ್ಯಾಟಿಕ್. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಂಜ್‌ನ ಜೊತೆಗೆ ದಪ್ಪನೆಯ ಒಂದು ಕಟ್ಟು ಬಿಲ್ಲುಗಳಿವೆ, ಬಿಎಂಡಬ್ಲ್ಯುವಿನ ಜೊತೆಗೆ ಕಡಿಮೆ ಓಡಿದೆ ಎಂಬ ಹೆಮ್ಮೆ ಮಾತ್ರ ಇದೆ. ನನ್ನದು ದಿನಕ್ಕೆ ಹತ್ತು ಹನ್ನೆರಡು ಕಿ.ಮೀ. ಓಡಾಟ, ತಿಂಗಳಿಗೊಮ್ಮೆ ದೂರದ ಪ್ರಯಾಣ. ಆಗ ಹಿಂದಿನ ಸೀಟಿನಲ್ಲಿ ವಯಸ್ಸಾದ ತಂದೆ ತಾಯಿ ಇರುತ್ತಾರೆ. ಬಳಸಿದವರು ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ: 82,000 ಎಂಬ ಅಂಕಿಗೆ ಮರುಳಾಗಬೇಡಿ ಎಂದು ಹೇಳುವ ಅಧಿಕಾರ ನನಗೆ ಸ್ವಲ್ಪ ಇದೆ, ಏಕೆಂದರೆ ಒಮ್ಮೆ ನಾನೇ ಹಾಗೆ ಮರುಳಾಗಿದ್ದೆ. ಯಾವ ಕಂಪನಿಯ ಕಾರು ಎಂಬುದು ಇಲ್ಲಿ ಬೇಡ. ಕಡಿಮೆ ಓಡಿದ್ದ ಆ ಕಾರಿನ ಗೇರ್‌ಬಾಕ್ಸ್ ಆಯಿಲನ್ನು ಯಾರೂ ಬದಲಿಸಿರಲಿಲ್ಲ. ಕೇಳಿದರೆ ಅದು ಕಾರಿನ ಆಯುಷ್ಯಪೂರ್ತಿ ಬಾಳುವ ಆಯಿಲ್ ಎಂದರು. ಕೊಂಡು ನಾಲ್ಕನೇ ತಿಂಗಳಿನಿಂದ, ಸಿಗ್ನಲ್‌ಗಾಗಿ ನಿಧಾನಿಸುವಾಗ ಎರಡರಿಂದ ಒಂದನೇ ಗೇರಿಗೆ ಇಳಿಯುವ ಕ್ಷಣದಲ್ಲಿ ಹಿಂದಿನಿಂದ ಯಾರೋ ಮೊಣಕಾಲಿನಿಂದ ತಿವಿದಂತೆ ಒಂದು ದಬ್ಬಿನ ಅನುಭವ ಶುರುವಾಯಿತು. ಎಂಜಿನ್ ತಣ್ಣಗಿದ್ದಾಗ ಅದು ಇರುತ್ತಿರಲಿಲ್ಲ. ಅರ್ಧ ಗಂಟೆ ಓಡಿಸಿದ ಮೇಲೆ ಮಾತ್ರ ಬರುತ್ತಿತ್ತು. ಕೊಳ್ಳುವ ಮೊದಲು ನಾನು ಓಡಿಸಿ ನೋಡಿದ್ದು ಹತ್ತೇ ನಿಮಿಷ.

ನೀವು ನೋಡುತ್ತಿರುವ 530ಐಯಲ್ಲಿರುವುದು ಜೆಡ್‌ಎಫ್ ಕಂಪನಿಯ ಆರು ಗೇರುಗಳ ಪೆಟ್ಟಿಗೆ. ಕಾರು ತಯಾರಕರು ಆಯಿಲ್ ಬದಲಿಸುವ ಅಗತ್ಯವಿಲ್ಲ ಎಂದರೂ ಅದನ್ನು ತಯಾರಿಸಿದ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತದೆ. ಆಯಿಲ್ ಫಿಲ್ಟರ್ ಗೇರ್‌ಬಾಕ್ಸಿನ ಅಡಿಯಲ್ಲಿರುವ ಪ್ಲಾಸ್ಟಿಕ್ ಆಯಿಲ್ ಪ್ಯಾನಿನೊಳಗೇ ಕೂಡಿಕೊಂಡಿರುವುದರಿಂದ ಇಡೀ ಪ್ಯಾನನ್ನೇ ಹೊಸದು ಹಾಕಬೇಕಾಗುತ್ತದೆ. ಹೀಗಿರುವಾಗ 82,000 ಎಂದರೆ ‘ಕಡಿಮೆ ಓಡಿದೆ’ ಎಂದು ಅರ್ಥ ಮಾಡಿಕೊಳ್ಳಬಾರದು, ‘ಖರ್ಚಿನ ಕೆಲಸಗಳೆಲ್ಲ ನಿಮ್ಮ ಪಾಲಿಗೆ ಉಳಿದಿವೆ’ ಎಂದು ಓದಿಕೊಳ್ಳಬೇಕು. ಅದರ ಎನ್52 ಎಂಜಿನ್ನಿನ ನೀರಿನ ಪಂಪ್ ಬೆಲ್ಟಿನಿಂದ ತಿರುಗುವಂಥದ್ದಲ್ಲ, ವಿದ್ಯುತ್ತಿನದು. ಮುನ್ಸೂಚನೆಯೇ ಇಲ್ಲದೆ ನಿಂತುಬಿಡುವುದು ಅದರ ಸ್ವಭಾವ, ಒಂದು ಲಕ್ಷ ಕಿ.ಮೀ.ಯ ಆಸುಪಾಸಿನಲ್ಲಿ ಅದನ್ನು ಥರ್ಮೋಸ್ಟಾಟಿನೊಂದಿಗೆ ಬದಲಿಸಿಬಿಡುವುದು ಬಲ್ಲವರ ರೂಢಿ. ವಾಲ್ವ್ ಕವರಿನ ಮತ್ತು ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್‌ಗಳು ವರ್ಷಗಳು ಕಳೆದಂತೆ ಗಡುಸುಗೊಂಡು ಆಯಿಲ್ ಜಿನುಗಿಸುತ್ತವೆ; ನಿಂತ ಕಾರಿನ ರಬ್ಬರ್ ಕೂಡ ಮುದಿಯಾಗುತ್ತದೆ. ಈ ಎಂಜಿನ್ನಿನ ಬ್ಲಾಕ್‌ನಲ್ಲಿ ಮೆಗ್ನೀಷಿಯಂ ಇರುವುದರಿಂದ ಅದಕ್ಕೆ ಅಲ್ಯೂಮಿನಿಯಂ ಬೋಲ್ಟುಗಳನ್ನು ಹಾಕಿರುತ್ತಾರೆ, ಒಮ್ಮೆ ಬಿಚ್ಚಿದ ಬೋಲ್ಟನ್ನು ಮತ್ತೆ ಬಳಸುವಂತಿಲ್ಲ. ಮೆಕ್ಯಾನಿಕ್‌ಗೆ ಈ ಸಂಗತಿ ಗೊತ್ತಿದೆಯೇ ಎಂದು ಕೇಳಿ ನೋಡಿ, ಆತನ ಅನುಭವ ಎಷ್ಟೆಂಬುದು ಆ ಒಂದು ಉತ್ತರದಲ್ಲೇ ತಿಳಿಯುತ್ತದೆ.

ನಿಮ್ಮ ದಿನದ ಓಡಾಟ ಹತ್ತು ಕಿ.ಮೀ. ಎಂಬುದು ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆ ಕಾಲದ ಎನ್52 ಎಂಜಿನ್ನುಗಳಲ್ಲಿ, ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಚಿಕ್ಕ ಚಿಕ್ಕ ಓಡಾಟಗಳಿಂದ, ಆಯಿಲ್ ಒತ್ತಡದಿಂದ ವಾಲ್ವ್‌ಗಳ ಸಂದನ್ನು ಸರಿಹೊಂದಿಸುವ ಹೈಡ್ರಾಲಿಕ್ ಲಿಫ್ಟರ್‌ಗಳು ಹೊಲಿಗೆ ಯಂತ್ರದಂತೆ ಟಿಕ್ ಟಿಕ್ ಎನ್ನತೊಡಗುತ್ತವೆ. ಅದರಿಂದ ಎಂಜಿನ್ನೇನೂ ಕೆಡುವುದಿಲ್ಲವಾದರೂ ದಿನವೂ ಕೇಳುವವರಿಗೆ ಕಿರಿಕಿರಿ.

ಇಷ್ಟೆಲ್ಲ ಹೇಳಿದರೂ, ಸ್ಟೀರಿಂಗ್ ಹಿಡಿಯುವ ಸುಖದಲ್ಲಿ ಬಿಎಂಡಬ್ಲ್ಯುವಿನ ಆ ಆರು ಸಿಲಿಂಡರಿಗೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ನೀವು ಕೇಳಿರುವುದು ಅದನ್ನಲ್ಲ.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಬಿಲ್ಲುಗಳ ಕಟ್ಟು ದಪ್ಪಗಿದೆ ಎಂದ ಮಾತ್ರಕ್ಕೆ ಬೆಂಜ್ ಸುರಕ್ಷಿತ ಎಂದುಕೊಳ್ಳಬಾರದು. ಅದರಲ್ಲಿ ಬರೀ ಎಂಜಿನ್ ಆಯಿಲ್ ಬದಲಿಸಿದ ಮತ್ತು ಕಾರು ತೊಳೆಸಿದ ಬಿಲ್ಲುಗಳೇ ತುಂಬಿರಬಹುದು. ಇ ಕ್ಲಾಸಿನಲ್ಲಿ 2006 ಎಂಬುದು ತೊಡಕಿನ ವರ್ಷ. ಈ ಪೀಳಿಗೆಯ ಮೊದಲ ಕಾರುಗಳಲ್ಲಿ ಎಸ್‌ಬಿಸಿ ಎಂಬ ಎಲೆಕ್ಟ್ರಾನಿಕ್ ಬ್ರೇಕ್ ವ್ಯವಸ್ಥೆ ಇತ್ತು. 2004 ಮತ್ತು 2005ರಲ್ಲಿ ಕಂಪನಿಯೇ ಅದಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಕಾರುಗಳನ್ನು ವಾಪಸು ಕರೆಸಿಕೊಂಡಿತು, 2006ರ ಮಧ್ಯದಲ್ಲಿ ಕಾರಿನ ಮುಂಭಾಗದ ರೂಪ ಬದಲಿಸಿದಾಗ ಆ ವ್ಯವಸ್ಥೆಯನ್ನೇ ಕೈಬಿಟ್ಟಿತು. ಆದ್ದರಿಂದ 2006ರ ಇ 280 ಎಂದರೆ ಎರಡರಲ್ಲಿ ಯಾವುದೂ ಆಗಿರಬಹುದು. ಕಂಡುಹಿಡಿಯುವ ಸುಲಭೋಪಾಯವೆಂದರೆ, ಗದ್ದಲವಿಲ್ಲದ ಜಾಗದಲ್ಲಿ ರಾತ್ರಿಯಿಡೀ ನಿಂತ ಕಾರಿನ ಬಾಗಿಲನ್ನು ತೆರೆದು ಕಿವಿಗೊಡುವುದು. ಎಸ್‌ಬಿಸಿ ಇದ್ದರೆ, ಕೀಲಿ ತಿರುಗಿಸುವ ಮೊದಲೇ ಬಾನೆಟ್ಟಿನ ಒಳಗಿನಿಂದ ಪಂಪ್ ಗುಂಯ್ ಎಂದು ಎಚ್ಚರಗೊಳ್ಳುತ್ತದೆ. ಆ ಘಟಕ ತಾನು ಎಷ್ಟು ಸಲ ಬ್ರೇಕ್ ಹಾಕಿತೆಂದು ಎಣಿಸುತ್ತಿರುತ್ತದೆ, ಎಣಿಕೆ ಮುಗಿದಾಗ ಎಚ್ಚರಿಕೆ ಕೊಡುತ್ತದೆ; ಮೇಲಾಗಿ ಅದನ್ನು ನಿಷ್ಕ್ರಿಯಗೊಳಿಸದೆ ಬ್ರೇಕ್ ಪ್ಯಾಡಿಗೆ ಕೈಹಾಕಿದರೆ ಬೆರಳಿಗೇ ಅಪಾಯ.

ಎರಡನೆಯದು ಎಂಜಿನ್. ಈ ಇ 280ಯಲ್ಲಿರುವಂಥ ಎಂ272 ವಿ6 ಎಂಜಿನ್ನುಗಳಲ್ಲಿ ಸುಮಾರು 2006ರವರೆಗೆ ತಯಾರಾದವುಗಳ, ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಹಲ್ಲುಗಾಲಿ ಅಕಾಲದಲ್ಲಿ ಸವೆಯುತ್ತಿತ್ತು. ಬಿಡಿಭಾಗದ ಬೆಲೆ ದೊಡ್ಡದಲ್ಲ, ಆದರೆ ಅದನ್ನು ಹಾಕಲು ಎಂಜಿನ್ನನ್ನೇ ಹೊರಗೆ ತೆಗೆಯಬೇಕು. ಚಾಸಿ ನಂಬರಿನ ಮೂಲಕ ಎಂಜಿನ್ ನಂಬರ್ ಪಡೆದು, ಅದು ತಿದ್ದುಪಡಿಗೆ ಮುಂಚಿನದೋ ನಂತರದ್ದೋ ಎಂದು ವಿಚಾರಿಸದೆ ಮುಂಗಡ ಕೊಡಬೇಡಿ. ಸ್ಕ್ಯಾನರ್ ಹಾಕಿಸಿದಾಗ ದೋಷವೇನೂ ಕಾಣಲಿಲ್ಲವೆಂದು ಹಿಗ್ಗಬೇಡಿ. ಸ್ವಪರೀಕ್ಷೆಗಳು ‘ಪೂರ್ಣಗೊಂಡಿಲ್ಲ’ ಎಂದು ತೋರಿಸಿದರೆ, ಯಾರೋ ಇತ್ತೀಚೆಗಷ್ಟೇ ದೋಷಗಳನ್ನು ಅಳಿಸಿರುವ ಸಾಧ್ಯತೆ ಹೆಚ್ಚು. ಹಾಗೆಯೇ ಆ ಬಿಎಂಡಬ್ಲ್ಯುವಿನ ಕೀಲಿಯೊಳಗೂ ಓಡಿದ ಕಿ.ಮೀ. ದಾಖಲಾಗಿರುತ್ತದೆ, ಸರ್ವಿಸ್ ಕೇಂದ್ರದಲ್ಲಿ ಓದಿಸಿ, ಮೀಟರಿನೊಂದಿಗೆ ತಾಳೆ ನೋಡಬಹುದು.

ಮೂರನೆಯ ಉತ್ತರ: ಹಿಂದಿನ ಸೀಟಿನ ಬಗ್ಗೆ ಮಾತ್ರ ಹೇಳುತ್ತೇನೆ. ಗಾಲಿಗಳ ನಡುವಿನ ಅಂತರ ಬಿಎಂಡಬ್ಲ್ಯುವಿನಲ್ಲಿ ಸುಮಾರು 3 ಸೆಂ.ಮೀ. ಹೆಚ್ಚಿದೆ, ಕೂತವರಿಗೆ ಅದು ತಿಳಿಯುವುದಿಲ್ಲ. ತಿಳಿಯುವುದು ಟೈರು. ಬಿಎಂಡಬ್ಲ್ಯುವಿನಲ್ಲಿ, ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲಾಟ್ ಟೈರುಗಳಿದ್ದರೆ ಅವುಗಳ ಬಿಗಿಯಾದ ಪಕ್ಕೆಗಳಿಂದ ಪ್ರತಿ ಸಣ್ಣ ಗುಂಡಿಯೂ ಬೆನ್ನಿಗೆ ಮುಟ್ಟುತ್ತದೆ; ಸಾಮಾನ್ಯ ಟೈರು ಹಾಕಿಸಿದರೆ ಸುಖ, ಆದರೆ ಸ್ಟೆಪ್ನಿ ಇಡಲು ಡಿಕ್ಕಿಯಲ್ಲಿ ಜಾಗ ಹುಡುಕಬೇಕು. ತಂದೆ ತಾಯಿಯನ್ನೇ ಕರೆದೊಯ್ದು ಹತ್ತಿಸಿ ಇಳಿಸಿ ನೋಡಿ.

ಪ್ರಶ್ನೆ ಕೇಳಿದವರಿಂದ: ಎಲ್ಲರಿಗೂ ಧನ್ಯವಾದಗಳು. ತಣ್ಣಗಿರುವ ಎಂಜಿನ್ ಹೇಗೆ ಶುರುವಾಗುತ್ತದೆಂದು ನೋಡಲು, ಬಾನೆಟ್ ತಣ್ಣಗಿರಲಿ ಎಂದು ಇಬ್ಬರು ಮಾಲೀಕರಿಗೂ ಮೊದಲೇ ತಿಳಿಸಿ ನಿನ್ನೆ ಬೆಳಿಗ್ಗೆ ಹೋಗಿದ್ದೆ. 530ಐಯ ಬಾನೆಟ್ ಮೇಲೆ ಅಂಗೈ ಇಟ್ಟರೆ ಬೆಚ್ಚಗಿತ್ತು. ಈಗಷ್ಟೇ ತೊಳೆಸಿಕೊಂಡು ಬಂದೆ ಎಂದರು ಮಾಲೀಕರು. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ದಾಖಲೆ ಕೇಳಿದಾಗ ಉತ್ತರ ಬರಲಿಲ್ಲ. ಬೆಂಜ್‌ನ ಬಾಗಿಲು ತೆರೆದಾಗ ಯಾವ ಗುಂಯ್‌ಗುಡುವ ಸದ್ದೂ ಇರಲಿಲ್ಲ, ಮುಖವೂ ಬದಲಾದ ನಂತರದ್ದು. ಬಿಲ್ಲುಗಳ ಕಟ್ಟಿನಲ್ಲಿ ಗೇರ್‌ಬಾಕ್ಸ್ ಆಯಿಲನ್ನು ಎರಡು ಸಲ ಬದಲಿಸಿದ ದಾಖಲೆ ಇದೆ. ವೇಗತಡೆ ದಾಟುವಾಗ ಮುಂದಿನ ಬಲಗಡೆಯಿಂದ ಕಟಕ್ ಎಂಬ ಸದ್ದೊಂದು ಬರುತ್ತಿದೆ, ಸಸ್ಪೆನ್ಷನ್ನಿನ ರಬ್ಬರ್ ಬುಷ್ ಸವೆದಿರಬಹುದೆಂದು ಮೆಕ್ಯಾನಿಕ್ ಹೇಳುತ್ತಾರೆ. ಎಂಜಿನ್ ನಂಬರಿನ ಉತ್ತರ ಸೋಮವಾರ ಸಿಗಲಿದೆ. ಅಲ್ಲಿಯವರೆಗೆ ಮುಂಗಡ ಕೊಟ್ಟಿಲ್ಲ.