ಜೇನುತುಪ್ಪದ ಫಾರ್ವರ್ಡ್, ತಾಮ್ರದ ಹಂಡೆ ಮತ್ತು ನನ್ನ ತಂಗಿ

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮ ಮನೆಯ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಕಳಿಸಿದ್ದು ಅರಸೀಕೆರೆ ಅತ್ತೆ. ನನ್ನ ತಂಗಿ ಆಗ ತಿಪಟೂರಿನ ತವರುಮನೆಯಲ್ಲಿ ಹನ್ನೊಂದು ದಿನದ ಹಸಿ ಬಾಣಂತಿ. ಗುಂಪಿನಲ್ಲಿ ಅವಳೂ ಇದ್ದಾಳೆ, ಅವಳ ಯಜಮಾನರೂ ಇದ್ದಾರೆ.

ಅರಸೀಕೆರೆ ಅತ್ತೆ: ಬಾಣಂತಿಯರ ಗಮನಕ್ಕೆ!! ಮೊಲೆತೊಟ್ಟು ಬಿರಿದು ನೋವೇ? ಶುದ್ಧ ಜೇನುತುಪ್ಪ ಹಚ್ಚಿ, ಮೂರೇ ದಿನದಲ್ಲಿ ಮಾಯ. ಮಗುವಿನ ಬಾಯಿಗೆ ಹೋದರೂ ಒಳ್ಳೆಯದೇ. ನೋವು ಸಹಿಸಿದಷ್ಟೂ ಹಾಲು ಹೆಚ್ಚು. ಹತ್ತು ಜನಕ್ಕೆ ಕಳಿಸಿ 🙏

ಅರಸೀಕೆರೆ ಅತ್ತೆ: ನಮ್ಮ ಪುಟ್ಟಿಗೆ ಯಾರಾದ್ರೂ ಓದಿ ಹೇಳಿ. ರಾತ್ರಿ ಹಾಲು ಕೊಡುವಾಗ ಅಳ್ತಾಳಂತೆ.

ಮೈಸೂರು ದೊಡ್ಡಪ್ಪ: ಗಂಡಸರು, ಮಕ್ಕಳು ಎಲ್ಲ ಇರುವ ಗುಂಪು ಇದು. ಇಂಥದ್ದನ್ನು ಹೆಂಗಸರು ಫೋನಿನಲ್ಲಿ ಮಾತಾಡಿಕೊಳ್ಳಿ.

ಬೆಂಗಳೂರು ತಮ್ಮ: ಇದಕ್ಕೆ ಆಧಾರ ಏನು ಅತ್ತೆ? ಬರೆದಿದ್ದು ಡಾಕ್ಟರಾ?

ಅರಸೀಕೆರೆ ಅತ್ತೆ: ನೀನು ಹುಟ್ಟಿದ ದಿನ ನಾಲಿಗೆಗೆ ಜೇನು ಮುಟ್ಟಿಸಿದ್ದು ಇದೇ ಕೈ. ಆಧಾರ ಕೇಳೋಷ್ಟು ಚೆನ್ನಾಗಿ ಬೆಳೆದಿದ್ದೀಯಲ್ಲ.

ಬೆಂಗಳೂರು ತಮ್ಮ: 2020ರಲ್ಲಿ ಬೆಳ್ಳುಳ್ಳಿ ನೀರು ಕುಡಿದರೆ ಕೊರೊನಾ ಬರಲ್ಲ ಅಂತ ಕಳಿಸಿದ್ದೂ ಇದೇ ಕೈ ಅಲ್ವಾ?

ಮೈಸೂರು ದೊಡ್ಡಪ್ಪ: ಹಿರಿಯರ ಜೊತೆ ಮಾತಾಡುವ ರೀತಿಯೇನೋ ಇದು? ಸಹನೆ ಅನ್ನುವುದೇ ಇಲ್ಲ ಈಗಿನವರಿಗೆ. ನಮ್ಮಮ್ಮ ಆರು ಮಕ್ಕಳಿಗೆ ಹಾಲು ಕೊಟ್ಟರು. ಒಂದು ದಿನ ನೋವು ಅನ್ನಲಿಲ್ಲ.

ಹಾಸನ ಚಿಕ್ಕಪ್ಪ: ಅಮ್ಮ ಇದ್ದಾಗ ಬಾಣಂತನ ಅಂದ್ರೆ ಬಾಣಂತನ. ಬಚ್ಚಲಲ್ಲಿ ತಾಮ್ರದ ಹಂಡೆ, ಒಲೆಗೆ ತೆಂಗಿನ ಗರಿ, ಮೈಗೆಲ್ಲ ಹರಳೆಣ್ಣೆ. ಸಾಂಬ್ರಾಣಿ ಹೊಗೆ ಬೀದಿ ತನಕ ಬರ್ತಿತ್ತು. ಎಂಥಾ ಹಂಡೆ ಅದು!

ಕಡೂರು ಚಿಕ್ಕಮ್ಮ: ಹಂಡೆ ಎಲ್ಲರಿಗೂ ನೆನಪಿದೆ. ಪಾಲಾಗುವಾಗ ಯಾವ ಮನೆಗೆ ಹೋಯ್ತು ಅನ್ನೋದೂ ನೆನಪಿದೆ.

ಮೈಸೂರು ದೊಡ್ಡಪ್ಪ: ಅಮ್ಮ ಕೈಯಾರೆ ಕೊಟ್ಟಿದ್ದು ಅದು.

ಅಲ್ಲಿಂದ ಮುಂದೆ ನಲವತ್ತು ಮೆಸೇಜು ಹಂಡೆಯದ್ದೇ. ಜೇನುತುಪ್ಪ ಹಾಗೇ ಮೇಲೆ ಉಳಿಯಿತು. ನನಗೆ ತಡೆಯಲಾಗಲಿಲ್ಲ, ಉದ್ದಕ್ಕೆ ಬರೆದೆ.

ನಾನು: ದೊಡ್ಡಪ್ಪ, ಕ್ಷಮಿಸಿ, ಇಲ್ಲೇ ಹೇಳ್ತೀನಿ. ಒಂದು ವರ್ಷ ತುಂಬುವ ತನಕ ಮಗುವಿನ ಬಾಯಿಗೆ ಜೇನು ಹೋಗಬಾರದು. ಜೇನಿನಲ್ಲಿ ಬೊಟುಲಿಸಂ ಅನ್ನುವ ಕಾಯಿಲೆಯ ಬೀಜಾಣು ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ, ಎಳೆಗೂಸಿನ ಕರುಳು ತಡೆಯುವುದಿಲ್ಲ. ಮಲ ಕಟ್ಟುತ್ತದೆ, ಅಳು ಕ್ಷೀಣವಾಗುತ್ತದೆ, ಚೀಪುವ ಶಕ್ತಿ ಹೋಗುತ್ತದೆ, ಮೈ ಜೋಲುತ್ತದೆ. ಅಪರೂಪ ನಿಜ, ಆದರೆ ಬಂದರೆ ಆಸ್ಪತ್ರೆಯೇ ಗತಿ. ತೊಟ್ಟಿಗೆ ಹಚ್ಚಿದ್ದು ಮಗುವಿನ ಬಾಯಿಗೇ ತಾನೇ ಹೋಗೋದು?

ಅರಸೀಕೆರೆ ಅತ್ತೆ: ಕಾಯಿಸಿ ಹಚ್ಚಿದರೆ?

ನಾನು: ಮನೆಯಲ್ಲಿ ಕಾಯಿಸಿದರೆ ಆ ಬೀಜಾಣು ಸಾಯಲ್ಲ ಅತ್ತೆ. ಅವಳದೇ ಹಾಲು ಎರಡು ಹನಿ ಹಿಂಡಿ, ತೊಟ್ಟಿಗೆ ಸವರಿ, ಗಾಳಿಗೆ ಒಣಗಲು ಬಿಡಲಿ. ಸೋಪು ಹಾಕಿ ಉಜ್ಜೋದು ಬೇಡ.

ಬೆಂಗಳೂರು ತಮ್ಮ: ಇದಕ್ಕೆ ಆಧಾರ?

ನಾನು: ನಿನ್ನ ಮಗಳ ಡಾಕ್ಟರನ್ನೇ ಕೇಳಪ್ಪ. ಮತ್ತೆ ಆ "ನೋವು ಸಹಿಸಿದಷ್ಟೂ ಹಾಲು ಹೆಚ್ಚು" ಅನ್ನೋದು ಪೂರ್ತಿ ಸುಳ್ಳು. ಮೊದಲ ಕೆಲವು ದಿನ ಸ್ವಲ್ಪ ನೋವಿರುತ್ತೆ, ನಿಜ. ಕಚ್ಚಿದ ಕ್ಷಣ ಚುಳ್ ಅಂದು ಆಮೇಲೆ ಕಡಿಮೆಯಾಗುತ್ತೆ. ಹಾಲು ಕುಡಿಯುವಷ್ಟು ಹೊತ್ತೂ ಉರಿದರೆ, ತೊಟ್ಟು ಸೀಳಿ ರಕ್ತ ಬಂದರೆ, ಅದು ಸಹಿಸುವ ನೋವಲ್ಲ. ಹೆಚ್ಚಾಗಿ ಮಗು ಸರಿಯಾಗಿ ಕಚ್ಚಿಲ್ಲ ಅಂತ ಅರ್ಥ. ಹಾಗೆ ಕಚ್ಚಿದರೆ ಹಾಲೂ ಸರಿಯಾಗಿ ಬರಲ್ಲ.

ಕಡೂರು ಚಿಕ್ಕಮ್ಮ: ನೀನು ಹೇಳೋದು ಸರಿ ಕಣೆ. ಆದ್ರೆ ಹಂಡೆ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.

ಅಷ್ಟರಲ್ಲಿ ತಂಗಿ ನನಗೊಬ್ಬಳಿಗೇ ಬರೆದಿದ್ದಳು. "ಅಕ್ಕ, ಎರಡೂ ಕಡೆ ಬಿರಿದಿದೆ. ಪಾಪು ಎದ್ದರೆ ಭಯ ಆಗುತ್ತೆ." ಆ ಕೊನೆಯ ಮಾತು ಓದಿ ನನಗೆ ಅಳು ಬಂತು. ನಾಲ್ಕು ವರ್ಷದ ಹಿಂದೆ ನಾನೂ ಹಾಗೇ ತೊಟ್ಟಿಲು ಅಲುಗಿದರೆ ಹಲ್ಲು ಕಚ್ಚುತ್ತಿದ್ದೆ. ಆಗ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು, ಅಭ್ಯಾಸ ಆಗುತ್ತೆ.

ವೀಡಿಯೊ ಕಾಲ್ ಮಾಡಿದೆ. ಮಗು ಎದೆ ಬಿಟ್ಟ ತಕ್ಷಣ ತೊಟ್ಟು ಹೇಗಿದೆ ನೋಡು ಅಂದೆ. ತುದಿ ಚಪ್ಪಟೆಯಾಗಿ, ಹೊಸ ಲಿಪ್‌ಸ್ಟಿಕ್ಕಿನ ಹಾಗೆ ಓರೆಯಾಗಿತ್ತು. ಮಗು ಬರೀ ತೊಟ್ಟನ್ನೇ ಹಿಡಿದು ಒಸಡಿನಲ್ಲಿ ಅರೆಯುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಅವಳು ಬೆನ್ನು ಬಗ್ಗಿಸಿ ಎದೆಯನ್ನು ಮಗುವಿನ ಬಾಯಿಗೆ ತುರುಕುತ್ತಿದ್ದಳು. ಅಮ್ಮ ಎರಡು ದಿಂಬು ತಂದು ಬೆನ್ನಿಗೆ ಕೊಟ್ಟರು. ಮಗುವಿನ ಹೊಟ್ಟೆ ಇವಳ ಹೊಟ್ಟೆಗೆ ತಾಗುವ ಹಾಗೆ ತಿರುಗಿಸಿದೆವು. ಮೂಗು ತೊಟ್ಟಿನ ನೇರಕ್ಕೆ. ಮೇಲ್ದುಟಿಗೆ ತೊಟ್ಟು ತಾಗಿಸಿ ಕಾದಳು. ಆಕಳಿಸುವ ಹಾಗೆ ದೊಡ್ಡದಾಗಿ ಬಾಯಿ ತೆರೆದ ಕೂಡಲೇ ಮಗುವನ್ನು ಎದೆಗೆ ತಂದಳು. ಮೊದಲ ಸಲ ತಪ್ಪಿತು. ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಗೆ ಹಾಕಿ ಮೆಲ್ಲಗೆ ಬಿಡಿಸಿಕೊಂಡಳು. ಎಳೆದು ಬಿಡಿಸಿದರೆ ಇನ್ನಷ್ಟು ಸೀಳುತ್ತೆ.

ಮೂರನೇ ಸಲ ಗದ್ದ ಎದೆಗೆ ಒತ್ತಿತು, ಕೆಳದುಟಿ ಹೊರಗೆ ಮಡಚಿಕೊಂಡಿತು, ಸುತ್ತಲಿನ ಕಪ್ಪು ಭಾಗ ಕೆಳಗಡೆ ಹೆಚ್ಚೂಕಡಿಮೆ ಪೂರ್ತಿ ಬಾಯೊಳಗೆ ಹೋಯಿತು. ಗುಟುಕು ಕೇಳಿಸಿತು. ತಂಗಿ ಬಿಗಿಹಿಡಿದ ಭುಜ ಇಳಿಸಿದಳು. "ನೋವಿದೆ, ಆದ್ರೆ ಆ ನೋವಲ್ಲ" ಅಂದಳು.

ಎಲ್ಲ ನೋವಿಗೂ ಇದೇ ಕಾರಣ ಅಲ್ಲ, ಅದನ್ನೂ ಹೇಳಿದೆ. ಮಗುವಿನ ನಾಲಿಗೆ ಕೆಳಗಿನ ದಾರ ಬಿಗಿಯಾಗಿದ್ದರೂ ಹೀಗಾಗುತ್ತೆ. ಕಚ್ಚೋದು ಸರಿಯಿದ್ದೂ ಹಾಲು ಕೊಟ್ಟ ಮೇಲೆ ಚುಚ್ಚುವ ಉರಿ ಇದ್ದು, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ ಶಿಲೀಂಧ್ರದ ಸೋಂಕಿರಬಹುದು. ಆಗ ಇಬ್ಬರಿಗೂ ಔಷಧಿ ಬೇಕು. ಎದೆ ಕೆಂಪಾಗಿ ಜ್ವರ ಬಂದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಹಾಲು ಕೊಡೋದು ಮಾತ್ರ ನಿಲ್ಲಿಸಬಾರದು, ನಿಲ್ಲಿಸಿದರೆ ಎದೆಯಲ್ಲಿ ಹಾಲು ಕಟ್ಟಿಕೊಳ್ಳುತ್ತೆ. ಹದಿನಾಲ್ಕನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಅವರ ಎದುರಿಗೇ ಒಂದು ಸಲ ಹಾಲು ಕೊಟ್ಟು ತೋರಿಸು ಅಂದೆ.

ಮಧ್ಯಾಹ್ನ ಅತ್ತೆ ಫೋನ್ ಮಾಡಿದರು. ಬೇಜಾರಾಗಿದ್ದಾರೆ ಅಂದುಕೊಂಡಿದ್ದೆ. "ಈಗ ಸರಿ ಕಚ್ತಿದೆಯಾ?" ಅಂತ ಮೊದಲು ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ದೊಡ್ಡ ಮಗಳಿಗೆ ಒಂದೂವರೆ ತಿಂಗಳಿಗೇ ನಿಲ್ಲಿಸಿಬಿಟ್ಟೆ. ರಕ್ತ ಬರ್ತಿತ್ತು. ನಿಮ್ಮಜ್ಜಿ ಹಸುವಿನ ಹಾಲು ಹಾಕಿದ್ರು. ಹಾಲಿಲ್ಲದವಳು ಅಂದ್ರು ಎಲ್ಲರೂ. ಕೂರಿಸಿಕೊಂಡು ಯಾರೂ ನೋಡಲಿಲ್ಲ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಿಮ್ಮ ತಪ್ಪಲ್ಲ ಅತ್ತೆ ಅಂದೆ.

ರಾತ್ರಿ ಗುಂಪು ತೆರೆದೆ.

ಅರಸೀಕೆರೆ ಅತ್ತೆ: ಬೆಳಿಗ್ಗೆ ಕಳಿಸಿದ್ದು ತಪ್ಪಂತೆ. ಜೇನು ಹಚ್ಚಬೇಡಿ. ಯಾರ್ಯಾರಿಗೆ ಕಳಿಸಿದ್ದೀರೋ ಅವರಿಗೂ ಹೇಳಿ.

ಹಾಸನ ಚಿಕ್ಕಪ್ಪ: 👍 ಹಂಡೆಯ ಫೋಟೊ ಯಾರ ಹತ್ತಿರವಾದ್ರೂ ಇದೆಯಾ?